ಕೈಯಲ್ಲಿರುವ ಕ್ಯಾಮೆರಾ, ಊರಲ್ಲಿರುವ ಕೆಲಸ

2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ಉದ್ದದ ಕೆಸರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಲೋಕವೆಲ್ಲ ಬೆರಗಾಯಿತು. ಫೋಟೋಗ್ರಾಫರ್ ಹಾಕುವ ಲೆಕ್ಕ ಬೇರೆ. ಅದು ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್ ವೇಗ. ಶಟರ್ 1/100ಕ್ಕೆ ಇಟ್ಟರೆ, ತೆರೆದು ಮುಚ್ಚುವಷ್ಟರಲ್ಲಿ ಕೋಣ ಹತ್ತು ಸೆಂಟಿಮೀಟರ್ ಮುಂದಿರುತ್ತದೆ. 1/1000ಕ್ಕೆ ಇಟ್ಟರೆ ಒಂದೇ ಸೆಂಟಿಮೀಟರ್. ಹಗಲ ಬಿಸಿಲಿನಲ್ಲಿ ಸಾಧಾರಣ ಕ್ಯಾಮೆರಾ, 70–300ರ ಲೆನ್ಸ್ ಇದ್ದರೂ ಈ ಶಟರ್ ವೇಗ ಸಿಗುತ್ತದೆ. ಕತ್ತಲಾಗಿ ಫ್ಲಡ್‌ಲೈಟ್ ಹೊತ್ತಿತೋ, ಅದೇ ಕ್ಯಾಮೆರಾ ಏದುಸಿರು ಬಿಡುತ್ತದೆ. ಹಾಗಾಗಿ ಮಂಗಳೂರಿನ ಬಂಗ್ರಕೂಳೂರು ಕಂಬಳಕ್ಕೆ ಹೋಗುವ ಹೊಸಬ ಹಗಲಿನ ಓಟವನ್ನಷ್ಟೇ ಒಪ್ಪಿಕೊಳ್ಳುವುದು ಒಳ್ಳೆಯದು.

ಯಾವ ಕ್ಯಾಮೆರಾ ಕೊಂಡರೆ ಕೆಲಸ ಸಿಗುತ್ತದೆ ಎಂದು ಕೇಳುವ ಹುಡುಗರು ಮಂಗಳೂರಿನಲ್ಲಿ ಬಹಳ. ಸಾಲ ಮಾಡಿ ದೊಡ್ಡ ಬಾಡಿ ಕೊಂಡು, ಕಂತು ಕಟ್ಟಲು ಸಿಕ್ಕಿದ್ದಕ್ಕೆಲ್ಲ ಹೂಂಗುಟ್ಟುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಇರುವ ಕ್ಯಾಮೆರಾಕ್ಕೆ ಯಾವ ಕೆಲಸ ಹೊಂದುತ್ತದೆ ಎಂದು ಮೊದಲು ನೋಡಬೇಕು.

ಯಕ್ಷಗಾನವನ್ನೇ ತೆಗೆದುಕೊಳ್ಳಿ. ರಂಗಸ್ಥಳದಲ್ಲಿ ಪುಂಡುವೇಷ ದಿಗಿಣ ಹಾರುವಾಗ 1/500ಕ್ಕಿಂತ ಕಡಿಮೆಯಾದರೆ ಚಿತ್ರ ಮಸುಕು. ಕ್ಯಾಮೆರಾದ ಜೊತೆಗೇ ಬರುವ 18–55ರ ಕಿಟ್ ಲೆನ್ಸಿನಲ್ಲಿ, 55ರ ತುದಿಗೆ ಎಫ್ 5.6ಕ್ಕಿಂತ ಹೆಚ್ಚು ತೆರೆಯಲು ಬರುವುದಿಲ್ಲ. ಎಫ್ 1.8ರ ಸಣ್ಣ 50 ಎಂಎಂ ಲೆನ್ಸ್ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಬಾಡಿ ಬದಲಿಸುವ ಖರ್ಚಿಗೆ ಹೋಲಿಸಿದರೆ ಇದರ ಬೆಲೆ ಏನೂ ಅಲ್ಲ. ಇಷ್ಟೂ ಇಲ್ಲವೆಂದರೆ ಅಪ್ಪಣೆ ಕೇಳಿ, ವೇಷ ಕಟ್ಟುವ ಚೌಕಿಗೆ ಹೋಗಿ ಕೂರಬಹುದು. ಬಣ್ಣದ ವೇಷಧಾರಿ ಕನ್ನಡಿಯ ಮುಂದೆ ಗಂಟೆಗಟ್ಟಲೆ ಕೂತು ಚುಟ್ಟಿ ಇಡುತ್ತಾರೆ, ಅಲ್ಲಿ ಅವಸರವಿಲ್ಲ. ಅಲ್ಲಿನ ಎಲ್‌ಇಡಿ ಬೆಳಕಿನಲ್ಲಿ ಪಟ್ಟಿ ಪಟ್ಟಿ ಬಂದರೆ ಶಟರ್ 1/50 ಅಥವಾ 1/100ಕ್ಕೆ ಇಳಿಸಿ ನೋಡಿ. ನಮ್ಮ ವಿದ್ಯುತ್ 50 ಹರ್ಟ್ಸ್‌ನದ್ದು, ಹಲವು ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ದೈವಗಳ ನೇಮದ ಮಾತು ಬೇರೆ. ದೈವದ ಮುಂದೆ ಫ್ಲ್ಯಾಶ್ ಹೊಡೆಯುವುದು ನನ್ನ ದೃಷ್ಟಿಯಲ್ಲಿ ತಪ್ಪು. ಮನೆಯವರು ಬೇಡವೆಂದರೆ ಕ್ಯಾಮೆರಾ ಚೀಲದಲ್ಲೇ ಇರಲಿ.

ಮದುವೆಯ ಆರ್ಡರಿನಲ್ಲಿ ದುಡ್ಡಿದೆ, ಹೊಣೆಯೂ ಅಷ್ಟೇ ಇದೆ. ಒಂದೇ ಕಾರ್ಡ್ ಹಾಕುವ ಕ್ಯಾಮೆರಾ ನಿಮ್ಮದಾದರೆ ಒಬ್ಬರೇ ಒಪ್ಪಿಕೊಳ್ಳಬೇಡಿ. ಕಾರ್ಡ್ ಕೈಕೊಟ್ಟರೆ ಧಾರೆಯನ್ನು ಮತ್ತೊಮ್ಮೆ ಎರೆಯಲಾಗದು. ಹಿರಿಯರೊಬ್ಬರ ಜೊತೆ ಎರಡನೆಯ ಕ್ಯಾಮೆರಾದವರಾಗಿ ಹೋದರೆ ಕೊಂಕಣಿ ಕ್ರೈಸ್ತರ ರೋಸ್, ಬಂಟರ ಮೆಹೆಂದಿ, ಬ್ಯಾರಿಗಳ ನಿಕಾಹ್, ಒಂದೊಂದರ ಕ್ರಮವೂ ಕಣ್ಣಿಗೆ ರೂಢಿಯಾಗುತ್ತದೆ. ಮುಂದಿನ ಕ್ಷಣ ಏನೆಂದು ತಿಳಿದವನಿಗೆ ಕ್ಯಾಮೆರಾ ನಿಧಾನವಾಗಿದ್ದರೂ ನಡೆಯುತ್ತದೆ. ಹಿರಿಯರ ಪರಿಚಯ ಬೇಕಿದ್ದರೆ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಯವರನ್ನು ಒಟ್ಟುಗೂಡಿಸಿದ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್ ಇದೆ. ಡ್ರೋನ್ ಇಟ್ಟುಕೊಂಡವರಿಗೂ ಒಂದು ಮಾತು: 250 ಗ್ರಾಂ ಮೀರಿದ್ದನ್ನು ಸಂಪಾದನೆಗೆ ಹಾರಿಸಲು 2021ರ ನಿಯಮದಂತೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು.

ಮೇ 24ರ ಆಸುಪಾಸಿಗೆ ಪತ್ತನಾಜೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನೇಮಗಳು ನಿಲ್ಲುತ್ತವೆ, ಮುಂದೆ ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ. ಹಳೆಯ ಕ್ಯಾಮೆರಾಗಳಿಗೆ ನಿಜವಾದ ಕೆಲಸ ಆಗಲೇ. ಹೋಟೆಲುಗಳ ಮೆನು, ಬೇಕರಿ ತಿಂಡಿ, ಗೋಡಂಬಿ ಪೊಟ್ಟಣ, ಇವು ಓಡಿಹೋಗುವುದಿಲ್ಲ. ಟ್ರೈಪಾಡ್, ಕಿಟಕಿಯ ಮಳೆಬೆಳಕು, ಐಎಸ್‌ಒ 100, ಎಫ್ 8: ಕಿಟ್ ಲೆನ್ಸ್ ಇಲ್ಲಿ ಯಾರಿಗೂ ಕಡಿಮೆಯಲ್ಲ. ನೀರುದೋಸೆಯ ಬಿಳುಪನ್ನು ಕ್ಯಾಮೆರಾದ ಮೀಟರ್ ಬೂದು ಮಾಡಿಬಿಡುತ್ತದೆ, ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸಬೇಕು. 12 ಮೆಗಾಪಿಕ್ಸೆಲ್ಲಿನ ಚಿತ್ರ 12 ಇಂಚು ಅಗಲದ ಮೆನು ಕಾರ್ಡಿಗೆ ಧಾರಾಳ ಸಾಕು.

ಈ ಮಳೆಗೆ ಲೆನ್ಸಿನೊಳಗೂ ಬೂಸಲು ಹಿಡಿಯುತ್ತದೆ. ಚರ್ಮದ ಚೀಲದಲ್ಲಿ ಕಟ್ಟಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು ವಾರಕ್ಕೊಮ್ಮೆ ಹೊರತೆಗೆಯಬೇಕು. ಹಿಂದಿನಿಂದ ಟಾರ್ಚ್ ಬಿಟ್ಟಾಗ ಜೇಡರಬಲೆಯಂಥ ಎಳೆ ಕಂಡರೆ ಆ ಲೆನ್ಸನ್ನು ಬೇರೆ ಇಟ್ಟು, ನವೆಂಬರಿನಲ್ಲಿ ಮೇಳಗಳು ಮತ್ತೆ ಗೆಜ್ಜೆ ಕಟ್ಟುವ ಮೊದಲೇ ಸರ್ವಿಸಿಗೆ ಕೊಡಬೇಕು.