ಬಂಧನಾಗಾರದ ಕಾವಲೂ ರಾಜಭೃತ್ಯರ ವಿರಾಮವೂ

ಕಾರಾಗೃಹವು ಹಬ್ಬದ ದಿನದಲ್ಲಿಯೂ ಕಾವಲಿಲ್ಲದೆ ಇರತಕ್ಕ ಸ್ಥಳವಲ್ಲ. ಇತರ ಕಚೇರಿಗಳವರು ಮನೆಯಲ್ಲಿರುವಾಗ ಅಲ್ಲಿಯ ಕಾವಲುಗಾರನು ಕೆಲಸದಲ್ಲಿರಲೇಬೇಕು. ಆ ದಿನಕ್ಕೆ ಪ್ರತಿಯಾಗಿ ಬೇರೊಂದು ದಿನ ಬಿಡುವು ಕೊಡುವುದಕ್ಕೆ ಈಗಿನ ಸರ್ಕಾರಿ ಭಾಷೆಯಲ್ಲಿ ಪರಿಹಾರ ರಜೆಯೆಂದೂ, ವರ್ಷಕ್ಕೆ ಇಷ್ಟು ದಿನವೆಂದು ಸಂಬಳಸಹಿತವಾಗಿ ದೊರೆಯುವುದಕ್ಕೆ ಗಳಿಕೆ ರಜೆಯೆಂದೂ ಹೆಸರು. ಇವೆರಡೂ ನಮ್ಮ ಪ್ರಾಚೀನರಿಗೆ ಎರಡು ಸಾವಿರ ವರ್ಷಗಳ ಹಿಂದೆಯೇ ತಿಳಿದಿದ್ದುವೆಂದು ಉಪನ್ಯಾಸಗಳಲ್ಲಿ ಹೇಳುವುದುಂಟು. ಗ್ರಂಥಗಳನ್ನು ತೆರೆದು ನೋಡಿದರೆ ಈ ಮಾತನ್ನು ಬಹಳ ಮಟ್ಟಿಗೆ ತಿದ್ದಬೇಕಾಗುತ್ತದೆ.

ಮೊದಲು ಶಬ್ದವನ್ನು ವಿಚಾರಿಸಬಹುದು. ರಜೆ ಎಂಬುದು ಕನ್ನಡದ್ದೂ ಅಲ್ಲ, ಸಂಸ್ಕೃತದ್ದೂ ಅಲ್ಲ. ಅರಬ್ಬೀ ಮೂಲದಿಂದ ಪಾರಸಿಯ ದ್ವಾರಾ ಬಂದ ಆ ಪದಕ್ಕೆ ಸಮ್ಮತಿಯೆಂದು ಅರ್ಥ. ಒಡೆಯನು ಒಪ್ಪಿ ಬಿಟ್ಟುಕೊಟ್ಟುದೇ ರಜೆ. ಭೃತ್ಯನಿಗೆ ನ್ಯಾಯವಾಗಿ ಸಲ್ಲತಕ್ಕದ್ದೆಂಬ ಭಾವವು ಶಬ್ದದಲ್ಲಿ ಅಡಗಿಲ್ಲ.

ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ದೊರೆತ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಂಧನಾಗಾರದ ವಿಷಯವು ಸಾಕಷ್ಟು ವಿಸ್ತಾರವಾಗಿದೆ. ಅದನ್ನು ಕಟ್ಟಿಸುವ ಭಾರವು ಸನ್ನಿಧಾತೃವಿನದು. ಸ್ತ್ರೀಪುರುಷರಿಗೆ ಬೇರೆ ಬೇರೆ ಸ್ಥಾನಗಳಿರಬೇಕು. ನಾಲ್ಕನೆಯ ಅಧಿಕರಣದಲ್ಲಿ ಅಲ್ಲಿಯ ಅಧಿಕಾರಿಗಳ ತಪ್ಪುಗಳಿಗೆ ದಂಡವು ವಿಧಿಸಲ್ಪಟ್ಟಿದೆ. ಸೆರೆಯವನನ್ನು ತಿಳಿಸದೆಯೇ ಹೊರಗೆ ತಿರುಗಾಡಿಸಿದರೆ 24 ಪಣ, ಅವನಿಂದ ಕೆಲಸ ಮಾಡಿಸಿದರೆ ಅದರ ಇಮ್ಮಡಿ, ಸ್ಥಳ ಬದಲಾಯಿಸಿದರೆ ಅಥವಾ ಅನ್ನಪಾನಗಳನ್ನು ತಡೆದರೆ 96 ಪಣ, ಹಿಂಸಿಸಿದರೆ ಅಥವಾ ಲಂಚ ತೆಗೆದುಕೊಂಡರೆ ಮಧ್ಯಮ ಸಾಹಸದಂಡ, ಕೊಂದರೆ ಸಾವಿರ. ಸೆರೆಯಲ್ಲಿರುವ ಬಾಲರು, ವೃದ್ಧರು, ರೋಗಿಗಳು, ಅನಾಥರು ಇವರಿಗೆ ರಾಜನ ಜನ್ಮನಕ್ಷತ್ರದಲ್ಲಿಯೂ ಹುಣ್ಣಿಮೆಗಳಲ್ಲಿಯೂ ಬಿಡುಗಡೆಯುಂಟು. ಹೀಗೆ ಸೆರೆಯವನ ಪರ್ವದಿನವನ್ನು ನೆನೆದ ಶಾಸ್ತ್ರಕಾರನು ಕಾಯುವವನ ಪರ್ವದಿನವನ್ನು ಈ ಸ್ಥಳಗಳಲ್ಲಿ ಎತ್ತಿಯೇ ಇಲ್ಲ.

ಹಬ್ಬದ ದಿನದ ಕೆಲಸಕ್ಕೆ ಪ್ರತಿಫಲವೆಂಬ ಭಾವನೆಯು ಅವನಿಗೆ ಇರಲಿಲ್ಲವೆಂದಲ್ಲ. ಸೂತ್ರಾಧ್ಯಕ್ಷನ ಪ್ರಕರಣದಲ್ಲಿ, ನೂಲುವವರಿಂದ ತಿಥಿವಿಶೇಷಗಳಲ್ಲಿ ಕೆಲಸ ಮಾಡಿಸುವುದಾದರೆ ದಾನಮಾನಗಳನ್ನು ಕೊಟ್ಟು ಮಾಡಿಸತಕ್ಕದ್ದೆಂದು ಹೇಳಿದೆ. ಆ ನೂಲುವವರಲ್ಲಿ ವಿಧವೆಯರೂ ಅಂಗಹೀನರೂ ಅಲ್ಲದೆ, ತಮಗೆ ವಿಧಿಸಿದ ದಂಡವನ್ನು ದುಡಿಮೆಯಿಂದ ತೀರಿಸುತ್ತಿದ್ದ ಸ್ತ್ರೀಯರೂ ಸೇರಿದ್ದರೆಂಬುದು ಗಮನಿಸತಕ್ಕದ್ದು. ಆದರೆ ಇಲ್ಲಿಯೂ ಕೊಡತಕ್ಕದ್ದು ವಸ್ತು ಮತ್ತು ಮರ್ಯಾದೆ. ದಿನಕ್ಕೆ ಪ್ರತಿಯಾಗಿ ದಿನವಲ್ಲ.

ಉಪನ್ಯಾಸಕಾರರು ಉದಾಹರಿಸುವ ನಿಯಮಗಳು ವಾಸ್ತವವಾಗಿ ಇರುವುದು ಶುಕ್ರನೀತಿಯ ಎರಡನೆಯ ಅಧ್ಯಾಯದಲ್ಲಿ. ಭೃತ್ಯನಿಗೆ ಗೃಹಕೃತ್ಯಕ್ಕಾಗಿ ಹಗಲಿನಲ್ಲಿ ಒಂದು ಯಾಮವನ್ನೂ ರಾತ್ರಿಯಲ್ಲಿ ಮೂರು ಯಾಮಗಳನ್ನೂ ಬಿಡಬೇಕು. ಯಾಮವೆಂದರೆ ಈಗಿನ ಮೂರು ಗಂಟೆ. ವರ್ಷದಲ್ಲಿ ಒಂದು ಪಕ್ಷ ಸೇವೆಯಿಲ್ಲದೆಯೇ ಇರಗೊಡಬೇಕು. ರೋಗವು ಅರ್ಧಪಕ್ಷದೊಳಗಿನದಾದರೆ ಸಂಬಳವನ್ನು ಸ್ವಲ್ಪವೂ ಕಡಿಮೆ ಮಾಡಬಾರದು. ದೀರ್ಘರೋಗಿಗೆ ಆರು ತಿಂಗಳವರೆಗೆ ಕೊಡಬಹುದು, ಮುಂದಕ್ಕೆ ಇಲ್ಲ. 40 ವರ್ಷ ಸೇವೆ ಮಾಡಿದವನಿಗೆ ಜೀವವಿರುವವರೆಗೂ ಅರ್ಧ ಸಂಬಳ. ವರ್ಷಕ್ಕೊಮ್ಮೆ ಎಂಟನೆಯ ಒಂದು ಭಾಗ ಪಾರಿತೋಷಕ. ಕೆಲಸವನ್ನು ಬೇಗನೆ ಅಥವಾ ಹೆಚ್ಚಾಗಿ ಮಾಡಿದವನಿಗೆ ಆ ಕೆಲಸದ ಎಂಟನೆಯ ಭಾಗ. ಇವೆಲ್ಲ ಭೃತ್ಯಸಾಮಾನ್ಯಕ್ಕೆ ಹೇಳಿದುವು, ಕಾವಲಿನವನಿಗೂ ಅನ್ವಯಿಸಬಹುದು.

ಇಷ್ಟು ಪರಿಪೂರ್ಣವಾಗಿರುವುದೇ ಸಂಶಯಕ್ಕೆ ಕಾರಣ. ಈ ಗ್ರಂಥವನ್ನು ಗುಸ್ತಾವ್ ಓಪರ್ಟ್ ಪಂಡಿತನು 1882ರಲ್ಲಿ ಮದರಾಸಿನಲ್ಲಿ ಅಚ್ಚು ಮಾಡಿಸಿದನು. ಅದರಲ್ಲಿ ಬಂದೂಕು ಮತ್ತು ಮದ್ದುಗಳ ವರ್ಣನೆಯಿರುವುದನ್ನು ಆಧರಿಸಿ, ಪ್ರಾಚೀನ ಹಿಂದುಗಳಿಗೆ ಆಗ್ನೇಯಾಸ್ತ್ರಗಳು ತಿಳಿದಿದ್ದುವೆಂದು 1880ರಲ್ಲಿಯೇ ಅವನು ವಾದಿಸಿದ್ದನು. ಆ ವಾದವನ್ನು ಈಗ ವಿದ್ವಾಂಸರು ಅಂಗೀಕರಿಸುವುದಿಲ್ಲ. ಲಲ್ಲನ್‌ಜೀ ಗೋಪಾಲರು 1962ರಲ್ಲಿ ಬರೆದ ಪ್ರಬಂಧದಲ್ಲಿ ಶುಕ್ರನೀತಿಯು ಹತ್ತೊಂಬತ್ತನೆಯ ಶತಮಾನದ ಕೃತಿಯೆಂದೇ ಪ್ರತಿಪಾದಿಸಿದರು. ಬಂದೂಕಿನ ಶ್ಲೋಕಗಳನ್ನು ಅರ್ವಾಚೀನವೆಂದು ತಳ್ಳಿ, ಅದೇ ಗ್ರಂಥದ ರಜೆಯ ಶ್ಲೋಕಗಳನ್ನು ಮಾತ್ರ ಪುರಾತನವೆಂದು ಹೊಗಳುವುದು ಅರ್ಧಜರತೀಯನ್ಯಾಯವಾದೀತು. ವಿದ್ಯಾರ್ಥಿಗಳಿಗೆ ಪಾಠ ಹೇಳುವವರು ಇದನ್ನು ಮರೆಯಬಾರದು.

ಹಾಗೆಂದು ಈ ನಿಯಮಗಳನ್ನೆಲ್ಲ ಕಂಪೆನಿ ಸರ್ಕಾರದ ಕಟ್ಟಳೆಗಳ ಅನುವಾದವೆಂದು ತಳ್ಳಿಬಿಡುವುದೂ ಆತುರವೇ. ಉತ್ಸವದ ದಿನಗಳಲ್ಲಿ ಭೃತ್ಯನಿಂದ ಕೆಲಸ ಮಾಡಿಸಬಾರದು. ಅತ್ಯಾವಶ್ಯಕವಾದರೆ ಉತ್ಸವದಲ್ಲಿಯೂ ಮಾಡಿಸಬಹುದು. ಆದರೆ ಶ್ರಾದ್ಧದಿನವನ್ನು ಮಾತ್ರ ಯಾವಾಗಲೂ ಬಿಟ್ಟುಕೊಡಬೇಕೆಂದು ಅಲ್ಲಿದೆ. ಈ ಕಡೆಯ ಮಾತು ಯಾವ ಬಿಳಿಯ ಅಧಿಕಾರಿಯ ಪುಸ್ತಕದಿಂದಲೂ ಬಂದಿರಲಾರದು. ಹಬ್ಬವನ್ನು ಮತ್ತೊಂದು ದಿನ ಮಾಡಿಕೊಳ್ಳಬಹುದು, ತಂದೆಯ ತಿಥಿಯನ್ನು ಹಾಗೆ ಸರಿಸಲಾಗದು ಎಂಬುದನ್ನು ಮನೆಯಲ್ಲಿ ಪಿಂಡವಿಟ್ಟವನೇ ಬರೆದಿರಬೇಕು. ಶುಕ್ರನೀತಿಯ ಮಾತಿನಂತೆ ನಡೆಯುವ ಅರಸನ ಸೆರೆಮನೆಯಲ್ಲಿ, ದೀಪಾವಳಿಯ ರಾತ್ರಿ ಬಾಗಿಲಲ್ಲಿ ನಿಲ್ಲಿಸಿಕೊಂಡ ಕಾವಲಿನವನನ್ನು ಆ ಒಂದು ದಿನ ಮನೆಗೆ ಕಳುಹಿಸಲೇಬೇಕಾಗಿದ್ದಿತು.