ಶೇಕಡಾ ನೂರರ ಒಳಲೆಕ್ಕ



ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಟೀ ಅಂಗಡಿಗಳಲ್ಲಿ ಒಂದೇ ಮಾತು: ಯಾವ ಶಾಲೆಗೆ ಎಷ್ಟು ಪರ್ಸೆಂಟು? ರಾಜ್ಯಕ್ಕೆ ಮೊದಲಿಗರ ಪಟ್ಟಿ ಹೊರಡಿಸುವುದನ್ನು ತಮಿಳುನಾಡು ಸರ್ಕಾರ 2017ರಲ್ಲೇ ನಿಲ್ಲಿಸಿತು. ಶಾಲೆಯ ಪರ್ಸೆಂಟು ಮಾತ್ರ ಉಳಿದಿದೆ. ಆ ಒಂದು ಅಂಕೆ ಕೇಳಿ, ಜೂನ್‌ನಲ್ಲಿ ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸುವವರಿದ್ದಾರೆ. ಮಕ್ಕಳ ಸಂಖ್ಯೆ ಇಳಿದರೆ ಮೇಷ್ಟ್ರ ಹುದ್ದೆಯೂ ಹೋಗುತ್ತದೆ. ಬ್ಯಾಂಕಿನ ಲೆಡ್ಜರಿನಲ್ಲೇ ಆಯುಷ್ಯ ಕಳೆದ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಹಳ್ಳಿ ಶಾಲೆಯಲ್ಲಿ 10 ಮಕ್ಕಳು ಪರೀಕ್ಷೆ ಬರೆದು ಒಬ್ಬ ಫೇಲಾದ ಎನ್ನಿ. ಶೇಕಡಾ 90 ಆಯಿತು. ಪೇಟೆ ಶಾಲೆಯಲ್ಲಿ 200ರಲ್ಲಿ 10 ಮಂದಿ ಫೇಲು, ಶೇಕಡಾ 95. ಪೇಟೆಯದೇ ಮೇಲು ಎನ್ನುತ್ತೀರಿ. ಆದರೆ ಗಣಿತದಲ್ಲಿ 33 ಪಡೆದ ಆ ಹುಡುಗನಿಗೆ ಇನ್ನೆರಡು ಅಂಕ ಬಂದಿದ್ದರೆ ಹಳ್ಳಿ ಶಾಲೆ ಶೇಕಡಾ 100! ಸಣ್ಣ ಶಾಲೆಯ ಅಂಕೆ ಹೀಗೆ ಒಂದೇ ಮಗುವಿನ ಮೇಲೆ ತೂಗಾಡುತ್ತದೆ. ಐದಾರು ವರ್ಷಗಳ ಮಕ್ಕಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿ. 2020, 2021 ಬಿಡಿ, ಕೊರೋನಾದಿಂದ ಆಗ ಪರೀಕ್ಷೆಯೇ ಇಲ್ಲದೆ ಎಲ್ಲರೂ ಪಾಸು.

ಇನ್ನು ಪ್ರಾರಂಭದ ಶಿಲ್ಕು. ಅದನ್ನು ನೋಡದೆ ಆಖೈರು ಶಿಲ್ಕನ್ನು ಹೊಗಳುವ ಗುಮಾಸ್ತನನ್ನು ಯಾವ ಮ್ಯಾನೇಜರೂ ಇಟ್ಟುಕೊಳ್ಳುವುದಿಲ್ಲ. ಆರಿಸಿ ಆರಿಸಿ ಸೇರಿಸಿಕೊಂಡು, 9ರಲ್ಲೇ ದುರ್ಬಲರನ್ನು ಹೊರಗೆ ಕಳಿಸಿದ ಶಾಲೆಗೆ ಶೇಕಡಾ 100 ಬರುವುದು ಏನು ದೊಡ್ಡದು? ಬಾಗಿಲಿಗೆ ಬಂದ ಕೂಲಿಯವರ ಮಗುವನ್ನೂ ಸೇರಿಸಿಕೊಂಡು 90 ತಂದವರ ದುಡಿಮೆ ನನ್ನ ಕಣ್ಣಿಗೆ ಹೆಚ್ಚು.

ನಮ್ಮ ಕಡೆ ಭಾಷೆಯ ವಿಚಾರವೂ ಸೇರಿದೆ. 2006ರ ಕಾಯಿದೆಯಂತೆ ಒಂದನೆಯ ತರಗತಿಯಿಂದ ತಮಿಳು ಕಡ್ಡಾಯವಾಗುತ್ತ ಬಂದು 2015-16ರಲ್ಲಿ ಹತ್ತನೆಯದನ್ನು ಮುಟ್ಟಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ನ್ಯಾಯಾಲಯಗಳು ಕೆಲವು ವರ್ಷ ವಿನಾಯಿತಿ ಕೊಟ್ಟವು. 2023ರ ಪರೀಕ್ಷೆಗೆ ಸುಪ್ರೀಂ ಕೋರ್ಟೇ ಕೊಟ್ಟಿತು. ಮನೆಯಲ್ಲಿ ಕನ್ನಡ ಆಡುವ ಮಗು ತಮಿಳು ಪತ್ರಿಕೆ ಬರೆದ ವರ್ಷವನ್ನೂ ಕನ್ನಡ ಪತ್ರಿಕೆ ಬರೆದ ವರ್ಷವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾದೀತೆ?

ಈ ಸಲ ಹೆಡ್‌ಮಾಸ್ಟರರ ಬಳಿ ಹೋದಾಗ ಪರ್ಸೆಂಟು ಕೇಳಬೇಡಿ. 9ಕ್ಕೆ ಎಷ್ಟು ಮಂದಿ ಸೇರಿದ್ದರು, ಅವರಲ್ಲಿ ಹತ್ತನೆಯ ಪರೀಕ್ಷೆ ಬರೆದವರೆಷ್ಟು, ಯಾವ ವಿಷಯದಲ್ಲಿ ಮಕ್ಕಳು ಎಡವಿದರು, ಆ ವಿಷಯಕ್ಕೆ ವರ್ಷವೆಲ್ಲ ಮೇಷ್ಟ್ರು ಇದ್ದರೇ ಎಂದು ಕೇಳಿ. ಉತ್ತರ ಹಾಜರಿ ಪುಸ್ತಕದಲ್ಲಿದೆ.