ಕೊಳದಲ್ಲಿ ನೀರೆಷ್ಟು?

ದೆಹಲಿಯ ತಾಲ್‌ಕಟೋರಾ ಉದ್ಯಾನದ ಹೆಸರು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ‘ತಾಲ್’ ಎಂದರೆ ಕೆರೆ, ‘ಕಟೋರಾ’ ಎಂದರೆ ಬಟ್ಟಲು. 2010ರ ಕಾಮನ್‌ವೆಲ್ತ್ ಕ್ರೀಡೆಗಳ ಈಜು ಸ್ಪರ್ಧೆಗಳು ನಡೆದದ್ದು ಅಲ್ಲಿಯ 50 ಮೀಟರು ಉದ್ದದ ಕೊಳದಲ್ಲಿ. ಅಂಥ ಕೊಳಗಳ ಲೆಕ್ಕ ನೋಡಲು ಇಂಜಿನಿಯರುಗಳಿರುತ್ತಾರೆ. ನಾವಿರುವ ವಸತಿ ಸಮುಚ್ಚಯಗಳ ಪುಟ್ಟ ಕೊಳಗಳಿಗೋ, ಉಸ್ತುವಾರಿಯ ಹುಡುಗನೇ ಇಂಜಿನಿಯರು, ಅವನೇ ವೈದ್ಯ.

ಕಳೆದ ಬೇಸಗೆಯಲ್ಲಿ ನನ್ನ ಮಗಳು ಈಜಿ ಬಂದಾಗಲೆಲ್ಲ ಕಣ್ಣು ಕೆಂಡವಾಗುತ್ತಿತ್ತು. “ಅಪ್ಪ, ನೀರು ಉರಿಯುತ್ತೆ” ಎಂದಳು. ಹೋಗಿ ವಿಚಾರಿಸಿದೆ. “ಬಾಬೂಜಿ, 3,60,000 ಲೀಟರಿಗೆ ಬೇಕಾದಷ್ಟೇ ಕ್ಲೋರಿನ್ ಹಾಕುತ್ತೇನೆ” ಎಂದ ಹುಡುಗ. ಪಂಪಿನ ಕೋಣೆಯ ಗೋಡೆಯ ಮೇಲೆ ಹಾಗೆಯೇ ಬರೆದಿತ್ತು: ಉದ್ದ 20 ಮೀಟರು, ಅಗಲ 10, ಆಳ 1.8.

ಆಫೀಸಿನಲ್ಲಿ ದಿನವಿಡೀ ಲೆಕ್ಕ ಕೂಡಿಸುವ ಗುಮಾಸ್ತನಿಗೆ ತಪ್ಪು ಕಾಣದಿರುತ್ತದೆಯೆ? 1.8 ಎಂಬುದು ಆಳದ ತುದಿ. ಇನ್ನೊಂದು ತುದಿಯಲ್ಲಿ ಇರುವುದು ಒಂದೇ ಮೀಟರು. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಸರಾಸರಿ 1.4. ಉದ್ದ, ಅಗಲ, ಸರಾಸರಿ ಆಳಗಳನ್ನು ಗುಣಿಸಿದರೆ 280 ಘನ ಮೀಟರು. ಒಂದು ಘನ ಮೀಟರಿಗೆ 1,000 ಲೀಟರು. ಅಂದರೆ 2,80,000 ಲೀಟರು. ಬೀಗುತ್ತಾ ಮನೆಗೆ ಬಂದೆ.

ಮರುದಿನ ಹುಡುಗನೇ ನನ್ನನ್ನು ತಿದ್ದಿದ. “ಬಾಬೂಜಿ, ಮಕ್ಕಳು ನಿಲ್ಲುವ ಕಡೆ ನೆಲ ಸಮವಾಗಿದೆ. ಇಳಿಜಾರು ಶುರುವಾಗುವುದು ಆಮೇಲೆ.” ಹಗ್ಗಕ್ಕೆ ಕಲ್ಲು ಕಟ್ಟಿ ಇಬ್ಬರೂ ಅಳೆದೆವು. ಅಳೆಯುವುದು ಕಟ್ಟೆಯ ಅಂಚಿನಿಂದಲ್ಲ, ನೀರಿನ ಮಟ್ಟದಿಂದ ಎಂಬುದನ್ನು ವಾಚಕರು ನೆನಪಿಡಬೇಕು. ಮೊದಲ 12 ಮೀಟರು ಸಮತಟ್ಟು; ಉಳಿದ 8 ಮೀಟರು ಮಾತ್ರ ಇಳಿಜಾರು.

ಹಂಪೆಯ ಮೆಟ್ಟಿಲು ಪುಷ್ಕರಣಿಯನ್ನು ನೆನೆಯಿರಿ. ಅದರ ನೀರನ್ನು ಲೆಕ್ಕ ಹಾಕಬೇಕಾದರೆ ಒಂದೊಂದು ಹಂತವನ್ನೂ ಬೇರೆಯಾಗಿ ಎಣಿಸಿ ಕೂಡಿಸಬೇಕಲ್ಲವೆ? ಇಲ್ಲಿಯೂ ಹಾಗೆಯೇ. ಸಮಭಾಗ 12 × 10 × 1 = 120. ಇಳಿಜಾರು 8 × 10 × 1.4 = 112. ಒಟ್ಟು 232 ಘನ ಮೀಟರು, ಎಂದರೆ 2,32,000 ಲೀಟರು. ಗೋಡೆಯ ಲೆಕ್ಕದಂತೆ ನಡೆದರೆ ಬೀಳುತ್ತಿದ್ದ ಔಷಧಿ ಒಂದೂವರೆ ಪಟ್ಟಿಗೂ ಮಿಗಿಲು!

ಲೀಟರಿಗೆ ಒಂದು ಮಿಲಿಗ್ರಾಂ ಕ್ಲೋರಿನ್ ಏರಿಸಲು ಲಕ್ಷ ಲೀಟರಿಗೆ 100 ಗ್ರಾಂ ಬೇಕು. ನೂರಕ್ಕೆ 65 ಪಾಲು ಕ್ಲೋರಿನ್ ಇರುವ ಪುಡಿಯಾದರೆ ನಮ್ಮ ಕೊಳಕ್ಕೆ ಸುಮಾರು 357 ಗ್ರಾಂ. ಹಳೆಯ ಲೆಕ್ಕದಲ್ಲಿ 554. ಹಾಗೆಂದು ಕಡಿಮೆ ಮಾಡಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಕ್ಲೋರಿನ್ ಸಾಲದಿದ್ದರೆ ರೋಗಾಣು ಉಳಿಯುತ್ತದೆ. ಬೆವರು, ಮೂತ್ರಗಳೊಡನೆ ಅದು ಬೆರೆತರೂ ಕಣ್ಣುರಿಯುತ್ತದೆ. ಆದ್ದರಿಂದ ದಿನವೂ ನೀರನ್ನು ಪರೀಕ್ಷಿಸಿಯೇ ಹಾಕಬೇಕು. ಮಕ್ಕಳು ಮೈ ತೊಳೆದೇ ಇಳಿಯಬೇಕು.

ವಿಸ್ತೀರ್ಣವೂ ಉಪಯೋಗಕ್ಕೆ ಬರುತ್ತದೆ. ನಮ್ಮ ಕೊಳದ್ದು 200 ಚದರ ಮೀಟರು. ದೆಹಲಿಯ ಮೇ ಬಿಸಿಲಿಗೆ ನೀರು ಒಂದೇ ಒಂದು ಸೆಂಟಿಮೀಟರು ಇಳಿದರೂ ಹೋದದ್ದು 2,000 ಲೀಟರು. ಟ್ಯಾಂಕರಿಗಾಗಿ ಕಾಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಗೋಡೆಯ ಮೇಲಿನ ಅಂಕಿ ಈಗ ಬದಲಾಗಿದೆ. 12ನೆಯ ಮೀಟರಿನ ಬಳಿ, ಇಳಿಜಾರು ತೊಡಗುವಲ್ಲಿ, ಕೆಂಪು ಗೆರೆಯೊಂದನ್ನೂ ಬಳಿದಿದ್ದಾರೆ. ಸರಾಸರಿ 1.4 ಎಂಬುದು ಔಷಧಿಯ ಲೆಕ್ಕಕ್ಕೆ ಸರಿ; ಕಾಲು ಜಾರುವ ಮಗುವಿಗೆ ಬೇಕಾದದ್ದು ಆ ಗೆರೆ. ನಿಮ್ಮಲ್ಲಿಯೂ ಕೊಳವಿದ್ದರೆ, ಈ ಭಾನುವಾರ ಒಂದು ಹಗ್ಗ, ಒಂದು ಕಲ್ಲು ಹಿಡಿದು ಹೋಗಿ ಬನ್ನಿ. ಉಸ್ತುವಾರಿಯ ಹುಡುಗನನ್ನು ಮಾತ್ರ ಜೊತೆಗೆ ಕರೆದುಕೊಳ್ಳಲು ಮರೆಯಬೇಡಿ!